ಗೋವಿಂದ ಪೈಗಳ ಇನ್ನೊಂದು ಕೆಲಸ

(ಮಂಜೇಶ್ವರ ಸಮೀಪದ ಒಂದು ಊರಿನ ವಾಚನಾಲಯದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರೆಯೋಲೆಯಲ್ಲಿ ‘ರಾಷ್ಟ್ರಕವಿ ಸ್ಮರಣೆ’ ಎಂದು ಹಾಕಿದ್ದಾರೆ. ಹಾಕಲಿ, ತಪ್ಪೇನಿಲ್ಲ. ಮಕ್ಕಳು ಈಗಷ್ಟೇ ಗೋವಿಂದ ಪೈಗಳ ಪದ್ಯವನ್ನು ಚಂದಕ್ಕೆ ಹಾಡಿದರು. ಹಾಗಾಗಿ ಕವಿಯ ಪಾಲು ಸಂದಾಯ ಆಗಿದೆ ಎಂದುಕೊಳ್ಳುತ್ತೇನೆ. ಪ್ರಾಸ ಬಿಟ್ಟದ್ದು, ‘ಗಿಳಿವಿಂಡು’, ‘ಗೊಲ್ಗೊಥಾ’, ‘ವೈಶಾಖಿ’ ಇದೆಲ್ಲ ಶಾಲೆಯಲ್ಲಿ ಕಲಿತದ್ದೇ. ನಾನು ಇವತ್ತು ಮಾತಾಡುವುದು ಅವರ ಇನ್ನೊಂದು ಕೆಲಸದ ಬಗ್ಗೆ. ಅವರು ಇತಿಹಾಸ ಬರೆದರು. ಬಹಳ ವರ್ಷ ಬರೆದರು. ಸಂಬಳ ಇಲ್ಲದೆ, ಹುದ್ದೆ ಇಲ್ಲದೆ, ಮಂಜೇಶ್ವರದ ಮನೆಯಲ್ಲಿ ಕೂತು ಬರೆದರು. ಪಂಚಾಯತು ರಸ್ತೆಗೆ ಮಣ್ಣು ಹಾಕಲು ನಾಲ್ಕು ಜನ ಬಂದರೆ ಅದನ್ನು ಊರಿನ ಸೇವೆ ಎನ್ನುತ್ತೇವೆ. ಒಬ್ಬ ಮನುಷ್ಯ ಊರಿನ, ನಾಡಿನ ಹಳೆ ಲೆಕ್ಕ ಸರಿ ಮಾಡುತ್ತಾ ಕೂತರೆ ಅದನ್ನು ಮಾತ್ರ ಅವನ ಹವ್ಯಾಸ ಅನ್ನುತ್ತೇವೆ. ನನಗೆ ಇದು ಸರಿ ಕಾಣುವುದಿಲ್ಲ.

ಅವರು ಹುಟ್ಟಿದ್ದು 1883ರ ಮಾರ್ಚ್ 23ರಂದು, ಇಲ್ಲೇ, ತಾಯಿಯ ತವರಿನಲ್ಲಿ. ತಂದೆಯ ಮನೆ ಮಂಗಳೂರು. ಅಲ್ಲಿ ಶಾಲೆಯಲ್ಲಿ ಪಂಜೆ ಮಂಗೇಶರಾಯರು ಅವರಿಗೆ ಪಾಠ ಮಾಡಿದರು. ಆಮೇಲೆ ಬಿ.ಎ. ಓದಲು ಮದ್ರಾಸಿಗೆ ಹೋದರು. ಪರೀಕ್ಷೆ ಪೂರ್ತಿ ಬರೆಯುವ ಮೊದಲೇ ತಂದೆಯ ಕಾರಣಕ್ಕೆ ಊರಿಗೆ ಮರಳಬೇಕಾಯಿತು. ಬರೆದಿದ್ದ ಇಂಗ್ಲಿಷ್ ವಿಷಯದಲ್ಲಿ ಚಿನ್ನದ ಪದಕ ಬಂತು, ಡಿಗ್ರಿ ಮಾತ್ರ ಬರಲಿಲ್ಲ. ಡಿಗ್ರಿ ಇಲ್ಲದ ಈ ಮನುಷ್ಯನ ಪ್ರಬಂಧಗಳನ್ನು ಮುಂದೆ ವಿಶ್ವವಿದ್ಯಾಲಯಗಳವರು ಅಡಿಟಿಪ್ಪಣಿಯಲ್ಲಿ ಹೆಸರಿಸಿದರು. ಇಲ್ಲಿ ಕೂತಿರುವ ಪ್ಲಸ್ ಟು ಮಕ್ಕಳು ಇದನ್ನು ಕೇಳಿ ಡಿಗ್ರಿ ಬೇಡ ಎಂದು ಮನೆಯಲ್ಲಿ ಹೇಳಬೇಡಿ. ಅವರಿಗೆ ಓದಿನ ಹುಚ್ಚು ಇತ್ತು, ಜೊತೆಗೆ ಮನೆಯಲ್ಲಿ ಅನುಕೂಲವೂ ಇತ್ತು. ಎರಡನ್ನೂ ಹೇಳಬೇಕು.

ಅವರಿಗೆ 25 ಭಾಷೆ ಬರುತ್ತಿತ್ತು ಎನ್ನುತ್ತಾರೆ. ಈ ಲೆಕ್ಕ ಹೇಳಿ ಚಪ್ಪಾಳೆ ತಟ್ಟಿಸುವುದು ಸುಲಭ. ಅಷ್ಟು ಭಾಷೆ ಯಾಕೆ ಬೇಕಾಯಿತು ಎಂದು ಕೇಳುವವರು ಕಡಿಮೆ. ಮನೆಮಾತು ಕೊಂಕಣಿ. ಅಂಗಳ ದಾಟಿದರೆ ತುಳು. ಬರೆದದ್ದು ಕನ್ನಡದಲ್ಲಿ. ನಮ್ಮ ಕಡೆ ಇಷ್ಟು ಎಲ್ಲರಿಗೂ ಬರುತ್ತದೆ, ಮಲಯಾಳ, ಬ್ಯಾರಿ ಭಾಷೆ ಸೇರಿಸಿದರೆ ಮೀನು ಮಾರುವವರಿಗೂ ನಾಲ್ಕೈದು ಭಾಷೆ ಬರುತ್ತದೆ. ಆದರೆ ಬುದ್ಧನ ನಿರ್ವಾಣದ ವರ್ಷ ಯಾವುದು ಎಂದು ವಿಚಾರಿಸಲು ಹೊರಟವನಿಗೆ ಪಾಳಿ ಬೇಕಾಗುತ್ತದೆ. ಜೈನರ ವಿಷಯಕ್ಕೆ ಪ್ರಾಕೃತ ಬೇಕು. ಹೊರದೇಶದವರು ನಮ್ಮ ಕರಾವಳಿಯ ಬಗ್ಗೆ ಏನು ಬರೆದರು ಎಂದು ನೋಡಲು ಅವರ ಭಾಷೆಯೂ ಬೇಕು. ಇನ್ನೊಬ್ಬರು ಅನುವಾದ ಮಾಡಿಕೊಟ್ಟದ್ದನ್ನು ನಂಬಿ ಕೂರುವ ಜಾತಿ ಅಲ್ಲ ಅವರದು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು ಎಂದರೆ ಆ ಹಸಿವು ಎಲ್ಲಿವರೆಗೆ ಹೋಗಿತ್ತು ನೋಡಿ!

ಇನ್ನು ಅವರ ಮನೆಯ ಸುತ್ತಮುತ್ತ ಒಮ್ಮೆ ಸುಮ್ನೆ ತಿರುಗಿ. ಅನಂತೇಶ್ವರ ದೇವಸ್ಥಾನ ಉಂಟು. ಬಂಗ್ರ ಮಂಜೇಶ್ವರದಲ್ಲಿ ಹಳೆಯ ಜೈನ ಬಸದಿಗಳುಂಟು. ಇಗರ್ಜಿ ಉಂಟು, ಮಸೀದಿ ಉಂಟು. ಕ್ರಿಸ್ತನ ಕೊನೆಯ ದಿನದ ಮೇಲೆ ಒಂದು ಕಾವ್ಯ, ಬುದ್ಧನ ಕೊನೆಯ ದಿನದ ಮೇಲೆ ಇನ್ನೊಂದು, ಗೊಮ್ಮಟನ ಬಗ್ಗೆ ಗದ್ಯ. ಇದೆಲ್ಲ ಆಕಾಶದಿಂದ ಇಳಿದದ್ದಲ್ಲ. ಇನ್ನೂ ಒಂದು ಗಮನಿಸಿ. ಎರಡು ಕಾವ್ಯಗಳಲ್ಲೂ ಅವರು ಆರಿಸಿಕೊಂಡದ್ದು ಒಂದೊಂದು ದಿನವನ್ನು. ತಾರೀಕು ಹುಡುಕುವವನ ಅಭ್ಯಾಸ ಕವಿತೆಯೊಳಗೂ ಬಂದಿದೆ ಎಂದು ನನಗನಿಸುತ್ತದೆ. ಸಾಹಿತ್ಯದ ಪಂಡಿತರು ಒಪ್ಪದಿದ್ದರೆ ಪರವಾಗಿಲ್ಲ.

ತಾರೀಕು ಹುಡುಕುವುದು ಎಂದರೆ ಏನು? ಅದರಲ್ಲಿ ಅಷ್ಟು ಕಷ್ಟ ಏನಿದೆ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪೈಗಳು ಕೈ ಹಾಕಿದ ವಿಷಯಗಳಲ್ಲಿ ಒಂದು ಬನವಾಸಿಯ ಕದಂಬರ ವಂಶಾವಳಿ ಮತ್ತು ಕಾಲ. ಕನ್ನಡ ನಾಡಿನ ಮೊದಲ ಅರಸು ಮನೆತನ ಎಂದು ನಾವು ಹೆಮ್ಮೆಪಡುತ್ತೇವೆ ಅಲ್ವಾ, ಅವರದೇ. ತಾಳಗುಂದದ ಕಂಬದ ಶಾಸನದಲ್ಲಿ ಮಯೂರಶರ್ಮ ಓದಲಿಕ್ಕೆ ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆದದ್ದು, ಸಿಟ್ಟಿನಿಂದ ಕತ್ತಿ ಹಿಡಿದದ್ದು ಎಲ್ಲ ಇದೆ. ಕತೆ ಸೊಗಸಾಗಿದೆ. ವರ್ಷ ಮಾತ್ರ ಇಲ್ಲ. ಆ ಕಾಲದ ಕದಂಬರು ‘ನಮ್ಮ ಆಳ್ವಿಕೆಯ ಇಷ್ಟನೇ ವರ್ಷ’ ಎಂದು ಬರೆಸುತ್ತಿದ್ದರು. ಅರಸ ಪಟ್ಟಕ್ಕೆ ಬಂದದ್ದು ಯಾವಾಗ ಎಂದು ಗೊತ್ತಿಲ್ಲದಿದ್ದರೆ ನಾಲ್ಕನೇ ವರ್ಷ ಎಂದರೆ ಯಾವುದು? ನಮ್ಮ ನಾಡಿನ ಶಾಸನಗಳಲ್ಲಿ ಶಕವರ್ಷ ಮೊದಲು ಸ್ಪಷ್ಟವಾಗಿ ಸಿಗುವುದು ಬಾದಾಮಿಯ ಬಂಡೆಯಲ್ಲಿ, ಒಂದನೇ ಪುಲಕೇಶಿಯದು, ಶಕ 465, ಅಂದರೆ ಕ್ರಿ.ಶ. 543. ಅದಕ್ಕಿಂತ ಹಿಂದೆ ಹೋಗಬೇಕಾದರೆ ಅಪ್ಪ ಯಾರು ಮಗ ಯಾರು, ಯಾರ ಮಗಳನ್ನು ಯಾರಿಗೆ ಕೊಟ್ಟರು, ಪಕ್ಕದ ರಾಜ್ಯದಲ್ಲಿ ಆಗ ಯಾರಿದ್ದರು, ಅಕ್ಷರದ ಆಕಾರ ಹೇಗಿದೆ, ಇದನ್ನೆಲ್ಲ ಎಳೆ ಎಳೆಯಾಗಿ ಹೊಂದಿಸಬೇಕು. ಒಂದು ಎಳೆ ತಪ್ಪಿದರೆ ಇಡೀ ಮನೆತನ ಮೂವತ್ತು ವರ್ಷ ಆಚೀಚೆ ಸರಿಯುತ್ತದೆ.

ಇನ್ನು ವರ್ಷ, ತಿಥಿ, ವಾರ ಎಲ್ಲ ಇರುವ ಶಾಸನ ಸಿಕ್ಕಿತು ಎನ್ನಿ. ಆಗ ಸುಲಭವಾ? ಅಲ್ಲ. ಒಂದು ಉದಾಹರಣೆ ಕೊಡುತ್ತೇನೆ, ನಮ್ಮದೇ ದಿನ. 1956ರ ನವೆಂಬರ್ 1. ನಾವು ಕೇರಳಕ್ಕೆ ಸೇರಿದ ದಿನ. ಅದನ್ನು ಹಳೆಯ ಕ್ರಮದಲ್ಲಿ ಯಾರೋ ಕಲ್ಲಿನಲ್ಲಿ ಕೊರೆದಿದ್ದರೆ ಹೀಗೆ ಬರೆಯುತ್ತಿದ್ದರು: ‘ಶಾಲಿವಾಹನ ಶಕವರ್ಷ 1878ನೆಯ ದುರ್ಮುಖಿ ಸಂವತ್ಸರದ ಆಶ್ವಯುಜ ಬಹುಳ ಚತುರ್ದಶಿ ಗುರುವಾರದಲು’. ದೀಪಾವಳಿಯ ಹೊತ್ತು ನೋಡಿ, ಹಿರಿಯರಿಗೆ ನೆನಪಿರಬಹುದು. ಈಗ ಪರೀಕ್ಷೆ ಮಾಡಿ. 1878ಕ್ಕೆ 78 ಕೂಡಿಸಿದರೆ 1956. ಸರಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2016ರ ಯುಗಾದಿಯಿಂದ ದುರ್ಮುಖಿ ಇತ್ತು, ಮನೆಯಲ್ಲಿ ಹಳೆ ಪಂಚಾಂಗ ಇದ್ದರೆ ನೋಡಿ. ಅದರಲ್ಲಿ 60 ಕಳೆದರೆ 1956. ಇದೂ ಸರಿ. ಮರುದಿನ ಅಮಾವಾಸ್ಯೆ, ಹಾಗಾಗಿ ಚತುರ್ದಶಿಯೂ ಕೂಡಿಬರುತ್ತದೆ. ವಾರ ಗುರುವಾರವೇ.

ಈಗ ಕೊರೆದವನು ಗುರುವಾರದ ಬದಲು ಶುಕ್ರವಾರ ಎಂದು ಕೊರೆದಿದ್ದರೆ? ಎರಡು ದಾರಿ ಉಂಟು. ಕೈತಪ್ಪು ಆಗಿರಬಹುದು. ಇಲ್ಲದಿದ್ದರೆ ಆ ಶಾಸನವೇ ಆಮೇಲೆ ಯಾರೋ ಹುಟ್ಟಿಸಿದ್ದು ಇರಬಹುದು. ಜಾಗದ ಆಸೆಗೆ ಹಳೆ ಅರಸನ ಹೆಸರಲ್ಲಿ ತಾಮ್ರಪಟ ಮಾಡಿಸಿದವರು ಹಿಂದೆಯೂ ಇದ್ದರು. ಖೋಟಾ ದಾಖಲೆ ಈಗಿನವರ ಕಂಡುಹಿಡಿತ ಅಲ್ಲ. ಹೀಗೆ ತಿಥಿ ವಾರ ಕೂಡಿಸಿ ನೋಡುವುದು ಇತಿಹಾಸಕಾರನ ದಿನನಿತ್ಯದ ಕೆಲಸ. ಪೈಗಳು ಇದನ್ನು ಕಂಪ್ಯೂಟರಿಲ್ಲದ ಕಾಲದಲ್ಲಿ, ಕಾಗದ ಪೆನ್ಸಿಲು ಹಿಡಿದು ಮಾಡಿದರು. ಕದಂಬರದು, ಶಾತವಾಹನರದು, ಬುದ್ಧನ ಕಾಲದ್ದು, ನಮ್ಮ ತುಳುನಾಡಿನದು. ಇಂಗ್ಲಿಷಿನಲ್ಲೂ ಬರೆದರು, ಕನ್ನಡದಲ್ಲೂ ಬರೆದರು.

ಅವರು ಹೇಳಿದ ಕಾಲಗಳೆಲ್ಲ ಇವತ್ತಿಗೂ ನಿಂತಿವೆಯಾ ಎಂದು ಕೇಳಿದರೆ, ಇಲ್ಲ. ಹೊಸ ಶಾಸನ ಸಿಕ್ಕಿದ ಹಾಗೆ ಹಳೆಯ ಲೆಕ್ಕ ಬದಲಾಗುತ್ತದೆ. ನಮ್ಮ ತೋಡುಗಳಿಗೆ ನೀರು ನಿಲ್ಲಿಸಲು ವರ್ಷ ವರ್ಷ ಅಡ್ಡಕ್ಕೆ ಕಟ್ಟ ಹಾಕುತ್ತೇವಲ್ಲ, ಅದೇ ರೀತಿ. ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ ಎಂದು ಗೊತ್ತಿದ್ದೇ ಹಾಕುವುದು. ಹಾಕಿದ ವರ್ಷ ಬಾವಿಯಲ್ಲಿ ನೀರು ನಿಂತರೆ ಕೆಲಸ ಆಯಿತು. ಆದರೆ ಒಂದು ದೂರು ನನಗೂ ಉಂಟು. ಅವರ ಗದ್ಯ ಸುಲಭ ಅಲ್ಲ ಮಾರಾಯ್ರೇ. ಒಂದು ವಾಕ್ಯ ಶುರುವಾದರೆ ಮುಗಿಯುವಷ್ಟರಲ್ಲಿ ಮೂರು ಅರಸರು ಸತ್ತಿರುತ್ತಾರೆ. ಬರಹಗಳೆಲ್ಲ ಪತ್ರಿಕೆಗಳಲ್ಲಿ ಚದುರಿ ಹೋಗಿದ್ದವು. ಉಡುಪಿಯಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಅವನ್ನು ಒಟ್ಟುಮಾಡಿ ಸಂಪುಟವಾಗಿ ತಂದಿದೆ. ಎತ್ತಿಕೊಂಡರೆ ಕೈ ನೋಯುತ್ತದೆ, ಆದರೂ ಒಮ್ಮೆ ಎತ್ತಿ ನೋಡಿ.

ಆ ಕೇಂದ್ರದ ವಿಷಯ ಬಂತು, ಹೇಳಿಬಿಡುತ್ತೇನೆ. ಪೈಗಳ ಪುಸ್ತಕ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋಯಿತು. ನಮ್ಮಲ್ಲಿ ಕೆಲವರಿಗೆ ಇವತ್ತಿಗೂ ಬೇಸರ, ಊರಿನ ಸೊತ್ತು ಹೊಳೆ ದಾಟಿತು ಎಂದು. ನನಗೆ ಬೇಸರ ಇಲ್ಲ. ಅಲ್ಲಿ ಅದು ಬರೀ ಕಪಾಟಿನಲ್ಲಿ ಕೂರಲಿಲ್ಲ. ಆ ಕೇಂದ್ರದಿಂದಲೇ 6 ಸಂಪುಟಗಳ ತುಳು ನಿಘಂಟು ಬಂತು, ಯು.ಪಿ. ಉಪಾಧ್ಯಾಯರು ಅದರ ಪ್ರಧಾನ ಸಂಪಾದಕರು. ಪುಸ್ತಕ ಎಲ್ಲಿದೆ ಎನ್ನುವುದಕ್ಕಿಂತ ಯಾರಾದರೂ ತೆರೆಯುತ್ತಾರಾ ಎನ್ನುವುದು ದೊಡ್ಡದು. ಇಲ್ಲಿ ಅವರ ಹೆಸರಿನ ಸರಕಾರಿ ಕಾಲೇಜು ಉಂಟು, ಮನೆಯನ್ನು ‘ಗಿಳಿವಿಂಡು’ ಹೆಸರಿನಲ್ಲಿ ಸ್ಮಾರಕ ಮಾಡಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಸೆಲ್ಫಿ ತೆಗೆದು ಬರುವುದಷ್ಟೇ ಆಗದಿರಲಿ.

ಅವರ ಕೊನೆಯ ವರ್ಷಗಳ ಬಗ್ಗೆ ಯೋಚಿಸಿದರೆ ನನಗೆ ಒಂಥರಾ ಆಗುತ್ತದೆ. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಬಿರುದು ಕೊಟ್ಟಿತು. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1956ರಲ್ಲಿ ರಾಜ್ಯಗಳು ಹೊಸದಾಗಿ ಆದಾಗ ಅವರು ಕೂತ ಕುರ್ಚಿ ಕೂತಲ್ಲೇ ಇತ್ತು, ವಿಳಾಸ ಕೇರಳ ಆಯಿತು. ಕನ್ನಡದ ಮೊದಲ ರಾಷ್ಟ್ರಕವಿ ತೀರಿಕೊಂಡಾಗ, 1963ರ ಸೆಪ್ಟೆಂಬರ್ 6ರಂದು, ಅವರ ಮನೆ ಕನ್ನಡ ರಾಜ್ಯದಲ್ಲಿ ಇರಲಿಲ್ಲ. ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕು ಎಂದು ಹೇಳಿದ್ದು 1967ರಲ್ಲಿ. ಅದೂ ಕಾಗದದಲ್ಲೇ ಉಳಿಯಿತು. ಆ ಕತೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಮುಂದೆ ಹೋಗೋಣ.

ಪೈಗಳ ನಂತರ ಈ ಬಿಟ್ಟಿ ಕೆಲಸ ನಿಲ್ಲಲಿಲ್ಲ. ಇಬ್ಬರನ್ನು ಹೆಸರಿಸುತ್ತೇನೆ. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು. ಅಧ್ಯಾಪಕರಾಗಿದ್ದವರು. ನಮ್ಮ ಭಾಗದ ಬ್ರಾಹ್ಮಣರ ಮನೆಗಳ ಅಟ್ಟದಲ್ಲಿ ತಾಳೆಗರಿಯ ಕಟ್ಟುಗಳು ಇರುತ್ತಿದ್ದವು. ಲಿಪಿ ತುಳು, ನೋಡಲು ಮಲಯಾಳದ ಹಾಗೆ. ಒಳಗಿರುವುದು ಮಂತ್ರ ಇರಬೇಕು ಎಂದು ಕೈ ಮುಗಿದು ಹಾಗೇ ಇಡುತ್ತಿದ್ದರು. ಇವರು ಬಿಚ್ಚಿ ಓದಿದರು. ‘ಶ್ರೀ ಭಾಗವತೊ’, ‘ಕಾವೇರಿ’ ಎಂಬ ಹಳೆಯ ತುಳು ಕಾವ್ಯಗಳು ಹೊರಗೆ ಬಂದವು. ತುಳುವಿಗೆ ಹಳೆಯ ಲಿಖಿತ ಸಾಹಿತ್ಯವೇ ಇಲ್ಲ, ಬರೀ ಪಾಡ್ದನ, ಬಾಯಿಂದ ಬಾಯಿಗೆ ಬಂದ ಹಾಡುಗತೆ, ಎಂದು ಹೇಳುತ್ತಿದ್ದವರು ಮಾತು ಬದಲಿಸಬೇಕಾಯಿತು. ಒಬ್ಬ ಮನುಷ್ಯ ಅಟ್ಟ ಹತ್ತಿದ್ದರಿಂದ ಆದದ್ದು ಇದು.

ಇನ್ನೊಬ್ಬರು ಕಯ್ಯಾರ ಕಿಂಞಣ್ಣ ರೈಗಳು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು, ತುಂಬು ನೂರು ವರ್ಷ. ಸ್ವಾತಂತ್ರ್ಯ ಹೋರಾಟ, ಮೇಷ್ಟ್ರ ಕೆಲಸ, ತೋಟ, ಕವಿತೆ, ಬದಿಯಡ್ಕ ಪಂಚಾಯತು, ಗಡಿ ಚಳವಳಿ. ಪೈಗಳ ಜೀವನವನ್ನು ಬರೆದು ಇಟ್ಟವರಲ್ಲಿ ಅವರೂ ಒಬ್ಬರು. ಪೈಗಳು ಮನೆಯೊಳಗೆ ಕೂತು ಮಾಡಿದ್ದನ್ನು ರೈಗಳು ಬೀದಿಗೆ ಬಂದು ಮಾಡಿದರು. ಎರಡೂ ಬೇಕು. ಯಾವುದು ಹೆಚ್ಚು ಎಂದು ಚರ್ಚಾಸ್ಪರ್ಧೆ ಇಡಬೇಡಿ.

ಈಗ ನಮ್ಮ ವಿಷಯ. ನಮ್ಮಿಂದ ಕದಂಬರ ಕಾಲ ನಿರ್ಣಯ ಆಗಲಿಕ್ಕಿಲ್ಲ. ಆದರೆ ನಮ್ಮ ಸುತ್ತ ಬಿದ್ದಿರುವುದು ಕಡಿಮೆಯಾ?

ಮೊದಲು ಕಾಗದ. 1956ರ ಹಿಂದಿನ ಜಾಗದ ದಾಖಲೆಗಳು ನಮ್ಮ ಮನೆಗಳಲ್ಲಿ ಕನ್ನಡದಲ್ಲಿವೆ. ಮೂಲಗೇಣಿ ಚೀಟು, ಚಾಲಗೇಣಿ ಚೀಟು, ಅಂದರೆ ಕಾಯಂ ಗೇಣಿಯ, ತಾತ್ಕಾಲಿಕ ಗೇಣಿಯ ಪತ್ರಗಳು. ಭೂಸುಧಾರಣೆ ಬಂದ ಮೇಲೆ ಇವಕ್ಕೆ ಬೆಲೆ ಇಲ್ಲ ಎಂದು ಎಷ್ಟೋ ಮನೆಯಲ್ಲಿ ಬಚ್ಚಲಿನ ಒಲೆಗೆ ಹಾಕಿದರು. ಕೋರ್ಟಿಗೆ ಬೆಲೆ ಇಲ್ಲದಿರಬಹುದು. ಒಂದು ಚೀಟನ್ನು ನಿಧಾನ ಓದಿ ನೋಡಿ. ಎಷ್ಟು ಮುಡಿ ಅಕ್ಕಿ ಗೇಣಿ, ಯಾವ ತಿಂಗಳು ಕೊಡಬೇಕು, ಬಾಳೆಗೊನೆ ಎಷ್ಟು, ಗಡಿ ಎಂದರೆ ಮೂಡಕ್ಕೆ ಯಾರ ಗದ್ದೆ, ಪಡುವಕ್ಕೆ ಯಾವ ಮರ. ಆ ಮರ ಈಗಿಲ್ಲ, ಗದ್ದೆಯಲ್ಲಿ ಅಡಿಕೆ ಎದ್ದಿದೆ. ಹಳೆ ಊರಿನ ನಕ್ಷೆ ಇರುವುದು ಆ ಚೀಟಿನಲ್ಲಿ ಮಾತ್ರ. ಗೇಣಿ ಕೊಟ್ಟವನ ಹೆಸರೂ ಅದರಲ್ಲಿದೆ. ಅವನ ಮೊಮ್ಮಕ್ಕಳು ಇಲ್ಲೇ ಕೂತಿರಬಹುದು, ಧಣಿಯ ಮೊಮ್ಮಕ್ಕಳು ಪಕ್ಕದಲ್ಲೇ ಕೂತಿರಬಹುದು. ಇಬ್ಬರೂ ಸೇರಿ ಓದಿದರೆ ಒಳ್ಳೆಯದು.

ಆಮೇಲೆ ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಹೇಳಬೇಕಾಗಿಲ್ಲ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತಂದವರು ಯಾರು? ಒಬ್ಬ ಮನುಷ್ಯ ಬಗ್ಗಿ ನಿಲ್ಲುವಷ್ಟು ಜಾಗದಲ್ಲಿ ಪಿಕ್ಕಾಸು ಬೀಸಿ, ಮಣ್ಣು ಹೊರಗೆ ಎಳೆದು, ದೀಪ ನಂದಿದರೆ ಗಾಳಿ ಇಲ್ಲ ಎಂದು ಹೊರಗೆ ಓಡಿ ಬಂದು, ಮತ್ತೆ ಒಳಗೆ ಹೋಗಿ ಕೊರೆದರು. ಅರಸರ ಕಾಲ ನಿರ್ಣಯ ಮಾಡಲು ಶಾಸನ ಉಂಟು. ಸುರಂಗ ಕೊರೆದವನಿಗೆ ಶಾಸನ ಇಲ್ಲ. ಈಗ ಬೋರ್‌ವೆಲ್ ಬಂದ ಮೇಲೆ ಎಷ್ಟೋ ಸುರಂಗಗಳು ಕುಸಿದು ಮುಚ್ಚಿಹೋಗುತ್ತಿವೆ. ಕೊರೆದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಅವರ ಹತ್ತಿರ ಹೋಗಿ, ಯಾವ ಮನೆಗೆ, ಯಾವ ವರ್ಷ, ಎಷ್ಟು ಕೋಲು ಉದ್ದ, ಕೂಲಿ ಎಷ್ಟು ಎಂದು ಕೇಳಿ ಬರೆದುಕೊಳ್ಳಲಿಕ್ಕೆ ಡಾಕ್ಟರೇಟು ಬೇಕಾ? ಒಂದು ನೋಟ್‌ಬುಕ್ಕು, ಒಂದು ಸಂಜೆ ಸಾಕು.

ಮೂರನೆಯದು ಊರಿನ ಹೆಸರುಗಳು. 2021ರಲ್ಲಿ ಇದರ ಮೇಲೆ ದೊಡ್ಡ ಗಲಾಟೆ ಆದದ್ದು ನೆನಪಿರಬಹುದು. ಕಾರಡ್ಕವನ್ನು ಕಾಡಗಂ ಮಾಡುತ್ತಾರೆ, ಮಧೂರನ್ನು ಮಧುರಂ ಮಾಡುತ್ತಾರೆ ಎಂದು ಸುದ್ದಿ ಎದ್ದಿತು. ಅಂಥದ್ದೇನೂ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಹೇಳಿಕೆ, ಪ್ರತಿಹೇಳಿಕೆ ಎಲ್ಲ ಆಯಿತು. ಅದಾದ ಮೇಲೆ ನಾವೇನು ಮಾಡಿದೆವು? ನಮ್ಮ ಒಂದೊಂದು ವಾರ್ಡಿನಲ್ಲಿ ಎಷ್ಟು ಅಡ್ಕ, ಎಷ್ಟು ಪದವು, ಎಷ್ಟು ಕಜೆ, ಎಷ್ಟು ಬೈಲು ಎಂದು ಮುಗಿಯುವ ಹೆಸರುಗಳುಂಟು ಎಂದು ಪಟ್ಟಿ ಮಾಡಿದೆವಾ? ಬಸ್ಸಿನ ಬೋರ್ಡಿಗೆ ಮಾತ್ರ ಸಿಟ್ಟು ಮಾಡಿದರೆ ಸಾಲದು. ಪಟ್ಟಿ ಮಾಡುವಾಗ ಮಲಯಾಳ ಮಾತಾಡುವವರು ಕರೆಯುವ ಹೆಸರನ್ನೂ ಪಕ್ಕದಲ್ಲೇ ಬರೆಯಿರಿ. ಅವರೂ ತಲೆತಲಾಂತರದಿಂದ ಇಲ್ಲೇ ಇದ್ದವರು. ಒಂದು ಹೆಸರು ಹೊಡೆದು ಹಾಕಿ ಇನ್ನೊಂದು ಬರೆಯುವುದು ಸರಕಾರ ಮಾಡಿದರೂ ತಪ್ಪು, ನಾವು ಮಾಡಿದರೂ ತಪ್ಪು.

ಇಷ್ಟು ಹೇಳಿ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಹುಡುಗ ಎದ್ದು, ದೇವಸ್ಥಾನದ ಹತ್ತಿರ ಅಕ್ಷರ ಇರುವ ಕಲ್ಲು ಉಂಟು, ಓದಲು ಏನು ಮಾಡಬೇಕು ಎಂದು ಕೇಳಿದ. ನಾನು ಹೇಳಿದ್ದು: ಮೊದಲು ಏನು ಮಾಡಬಾರದು ಎಂದು ಹೇಳುತ್ತೇನೆ. ಪೈಂಟ್ ಬಳಿಯಬೇಡ. ಎಣ್ಣೆ ಹಚ್ಚಬೇಡ. ತಂತಿಯ ಬ್ರಶ್ಶಿನಿಂದ ಉಜ್ಜಬೇಡ. ಅಕ್ಷರದೊಳಗೆ ಚಾಕ್ ತುಂಬಿಸಿದರೆ ನಿನಗೆ ಕಂಡ ಹಾಗೆ ತುಂಬಿಸುತ್ತೀಯ, ಆಮೇಲೆ ನೋಡುವವನು ನಿನ್ನ ಚಾಕನ್ನು ಓದುತ್ತಾನೆ, ಕಲ್ಲನ್ನಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗು. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರ ನೆರಳು ಹಿಡಿದು ತಾನಾಗಿ ಏಳುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆ. ಕಲ್ಲು ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಬರೆದಿಡು. ಕಲ್ಲನ್ನು ಅಲುಗಾಡಿಸಬೇಡ. ಆಮೇಲೆ ಲಿಪಿ ಓದಲು ಬರುವವರಿಗೆ ತೋರಿಸೋಣ.

ಇನ್ನೊಬ್ಬರು, ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ, ಈ ಕೆಲಸ ಯಾವ ಭಾಷೆಯಲ್ಲಿ ಮಾಡುವುದು ಎಂದರು. ಯಾವ ಭಾಷೆಯಲ್ಲಾದರೂ ಮಾಡಲಿ ಎಂದೆ. ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ಮಾತ್ರ ತುಳುವಿನಲ್ಲೇ ಬರೆಯಲಿ, ಇಂಗ್ಲಿಷಿಗೆ ತಿರುಗಿಸಿ ಬರೆದರೆ ಅರ್ಧ ಸೋರಿಹೋಗುತ್ತದೆ. ಕನ್ನಡ ಲಿಪಿ ಬರದಿದ್ದರೆ ಮೊಬೈಲಲ್ಲಿ ರೆಕಾರ್ಡು ಮಾಡಿ, ಬರುವವರ ಕೈಯಲ್ಲಿ ಬರೆಸಲಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದರು. “ಮಾಷ್ಟ್ರೇ, ನಮ್ಮ ಮನೆಯ ಅಟ್ಟದಲ್ಲಿ ಮಾವನ ಕಾಲದ ಮರದ ಪೆಟ್ಟಿಗೆ ಉಂಟು. ಒಳಗೆ ಬರೀ ಕಾಗದ. ಮಗ ಎಲ್ಲವನ್ನೂ ಲ್ಯಾಮಿನೇಶನ್ ಮಾಡಿಸುತ್ತೇನೆ ಎನ್ನುತ್ತಾನೆ. ಮಾಡಿಸಲಾ?”

“ಬೇಡ ಅಕ್ಕ” ಎಂದೆ. “ಲ್ಯಾಮಿನೇಶನ್ ಮಾಡಿದರೆ ಬಿಸಿಗೆ ಹಳೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲಿಕ್ಕೂ ಬರುವುದಿಲ್ಲ. ಗೆದ್ದಲು ಇದ್ದರೆ ಮೊದಲು ಪೆಟ್ಟಿಗೆಯಿಂದ ತೆಗೆದು ನೆರಳಲ್ಲಿ ಹರಡಿ, ಬಿಸಿಲಿಗೆ ಬೇಡ. ಒಂದೊಂದೇ ಫೋಟೋ ತೆಗೆಯಲಿ ಮಗ. ಕಟ್ಟಿನಲ್ಲಿ ಯಾವ ಕಾಗದದ ಜೊತೆ ಯಾವುದಿತ್ತೋ ಅದೇ ಕ್ರಮದಲ್ಲಿ ಇಡಿ.”

“ಅವನಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ ಮಾಷ್ಟ್ರೇ.”

“ಫೋಟೋ ತೆಗೆಯಲಿಕ್ಕೆ ಬರುತ್ತದಲ್ಲ. ಓದಲಿಕ್ಕೆ ಭಾನುವಾರ ನಾನು ಬರುತ್ತೇನೆ. ಪೆಟ್ಟಿಗೆ ಅಟ್ಟದಿಂದ ಇಳಿಸಲಿಕ್ಕೆ ಮಾತ್ರ ಇಬ್ಬರು ಹುಡುಗರು ಬೇಕು, ನನ್ನ ಸೊಂಟಕ್ಕೆ ಆಗದು.”

ಕಲ್ಲಿನ ಪ್ರಶ್ನೆ ಕೇಳಿದ ಹುಡುಗ ಕೈ ಎತ್ತಿದ. ಇನ್ನೊಬ್ಬ ಬೇಕು.